ತಹಶೀಲ್ದಾರ್ ಮೇಲೆ ಕಂಟೆಂಪ್ಟ್ ಹಾಕಿದ್ರೆ ಪಹಣಿ ಸರಿಹೋಗತ್ತಾ?

ಪೇಪರ್‌ನಲ್ಲಿ ಆಗಾಗ ಒಂದೇ ಥರದ ಸುದ್ದಿ ಬರ್ತಿರತ್ತೆ. ಹೈಕೋರ್ಟ್ ಆದೇಶ ಕೊಟ್ಟು ಎಷ್ಟೋ ತಿಂಗಳಾದ್ರೂ ಪಹಣಿ ತಿದ್ದಿಲ್ಲ, ತಹಶೀಲ್ದಾರ್‌ಗೆ ನ್ಯಾಯಾಂಗ ನಿಂದನೆ (ಕಂಟೆಂಪ್ಟ್) ನೋಟಿಸ್, ಕೋರ್ಟ್ ಗರಂ. ಓದಿದವರು ಸದ್ಯ ಒಬ್ಬರಿಗಾದ್ರೂ ಬಿಸಿ ಮುಟ್ತಲ್ಲ ಅಂದ್ಕೋತಾರೆ. ಆಮೇಲೆ ಒಂದಿನ ಒಳಪುಟದಲ್ಲಿ ನಾಲ್ಕೇ ಸಾಲು, ಅಧಿಕಾರಿ ಬೇಷರತ್ ಕ್ಷಮೆ ಕೇಳಿದ್ರು, ಕೇಸ್ ಮುಕ್ತಾಯ. ಜೈಲೂ ಇಲ್ಲ, ದಂಡಾನೂ ಇಲ್ಲ. ಇನ್ನೂ ವಿಚಿತ್ರ ಏನಂದ್ರೆ ಕೆಲವು ಸಲ ಆದೇಶ ಪಾಲನೆ ಆಗಿದೆ ಅಂತ ಕೋರ್ಟೇ ಬರ್ದು ಕೇಸ್ ಮುಗಿಸಿರತ್ತೆ, ಆದ್ರೆ ಪಹಣಿ ತೆಗೆಸಿ ನೋಡಿದ್ರೆ ಮಾಲೀಕರ ಹೆಸರಿರೋ 9ನೇ ಕಾಲಂನಲ್ಲಿ ಅದೇ ಹಳೇ ಹೆಸರು ಕೂತಿರತ್ತೆ.

ಇದನ್ನ ನೋಡಿ ಜನ ಎರಡೇ ತೀರ್ಮಾನಕ್ಕೆ ಬರ್ತಾರೆ, ಒಂದೋ ಕೋರ್ಟ್ ಮೆತ್ತಗಾಯ್ತು, ಇಲ್ಲಾ ಒಳಗೆ ಏನೋ ಹೊಂದಾಣಿಕೆ ಆಯ್ತು. ಬಹುತೇಕ ಕೇಸಲ್ಲಿ ಎರಡೂ ಅಲ್ಲ. ಕಂಟೆಂಪ್ಟ್ ಕೇಸಿನ ಹಣೆಬರಹ ಅದನ್ನ ಹಾಕಿದ ದಿನ ಬರೆಯೋದಲ್ಲ, ಅದಕ್ಕೂ ಮುಂಚೆ ಸಿಕ್ಕಿದ ಮೂಲ ಆದೇಶದ ಕೊನೇ ಪ್ಯಾರಾದಲ್ಲೇ ಬರೆದುಬಿಟ್ಟಿರತ್ತೆ. ಅದು ಹೇಗೆ ಅಂತ ಸ್ವಲ್ಪ ನಿಧಾನಕ್ಕೆ ನೋಡೋಣ.

ನಿಂದನೆ ಅಂದ್ರೆ ಬೈಯೋದಲ್ಲ

ಕನ್ನಡದಲ್ಲಿ ನ್ಯಾಯಾಂಗ ನಿಂದನೆ ಅನ್ನೋ ಪದವೇ ಸ್ವಲ್ಪ ದಾರಿ ತಪ್ಪಿಸತ್ತೆ, ಯಾರೋ ಜಡ್ಜ್‌ನ ಬೈದ್ರು ಅನ್ನೋ ಅರ್ಥ ಬರತ್ತೆ. 1971ರ ನ್ಯಾಯಾಂಗ ನಿಂದನೆ ಕಾಯ್ದೆಯಲ್ಲಿ ಎರಡು ಬಗೆ ಇದೆ. ಕೋರ್ಟ್‌ನ ಮಾನ ಕಳೆಯೋದು, ನ್ಯಾಯದಾನಕ್ಕೆ ಅಡ್ಡಿ ಮಾಡೋದು ಕ್ರಿಮಿನಲ್ ನಿಂದನೆ. ಕೋರ್ಟ್ ಆದೇಶವನ್ನ ಬೇಕಂತಲೇ ಪಾಲಿಸದೇ ಇರೋದು, ಇಲ್ಲಾ ಕೋರ್ಟ್‌ಗೆ ಕೊಟ್ಟ ಮಾತು ಬೇಕಂತಲೇ ಮುರಿಯೋದು ಸಿವಿಲ್ ನಿಂದನೆ. ಪಹಣಿ, ಮ್ಯುಟೇಶನ್ (ದಾಖಲೆಯಲ್ಲಿ ಹೆಸರು ಬದಲಾವಣೆ), ಪೋಡಿ (ಸರ್ವೆ ನಂಬರ್ ಭಾಗ ಮಾಡೋದು) ಕೇಸುಗಳೆಲ್ಲ ಬರೋದು ಈ ಎರಡನೇದ್ರಲ್ಲಿ.

ಇಲ್ಲಿ 'ಬೇಕಂತಲೇ' ಅನ್ನೋದೇ ಇಡೀ ಕಾಯ್ದೆಯ ಜೀವ. ಆದೇಶ ಪಾಲನೆ ಆಗಿಲ್ಲ ಅಂತ ತೋರಿಸಿದ್ರೆ ಸಾಲಲ್ಲ, ಗೊತ್ತಿದ್ದೂ ಮನಸ್ಸು ಮಾಡಿ ಮಾಡ್ಲಿಲ್ಲ ಅಂತ ತೋರಿಸಬೇಕು. ಶಿಕ್ಷೆ ಜೈಲು ಆಗಬಹುದಾದ್ರಿಂದ ಕೋರ್ಟ್‌ಗಳು ಇದನ್ನ ಅರ್ಧ ಕ್ರಿಮಿನಲ್ ಕೇಸ್ ಥರ ನೋಡ್ತಾವೆ, ಅಂದ್ರೆ ಆದೇಶಕ್ಕೆ ಎರಡು ಅರ್ಥ ಬರೋ ಹಾಗಿದ್ದು ಅಧಿಕಾರಿ ಅದ್ರಲ್ಲಿ ಒಂದನ್ನ ಹಿಡ್ಕೊಂಡು ನಡೆದಿದ್ರೆ ಅನುಮಾನದ ಲಾಭ ಅವರಿಗೇ ಹೋಗತ್ತೆ. ಇದರ ಮೇಲೆ ಇನ್ನೊಂದು ಗೆರೆ ಇದೆ. ಕಂಟೆಂಪ್ಟ್ ಕೇಳೋ ಪೀಠ ಮೂಲ ಆದೇಶದಲ್ಲಿ ಇರೋದನ್ನ ಮಾತ್ರ ಪಾಲನೆ ಆಗಿದ್ಯಾ ಅಂತ ನೋಡಬಹುದು, ಅದಕ್ಕೆ ಹೊಸದಾಗಿ ಏನೂ ಸೇರಿಸೋ ಹಾಗಿಲ್ಲ. ಜಮೀನು ಯಾರದ್ದು ಅನ್ನೋ ಪ್ರಶ್ನೆ ಅಲ್ಲಿ ಏಳೋದೇ ಇಲ್ಲ.

ಆದೇಶ ಯಾರಿಗೆ ಕೊಟ್ಟಿದ್ದು

ಗೊಂದಲ ಶುರುವಾಗೋದೇ ಇಲ್ಲಿ. ಕೋರ್ಟ್ ಆದೇಶ ಇದೆ ಅಂತ ಜನ ಹೇಳೋವಾಗ ಮೂರು ಬೇರೆ ಬೇರೆ ಕಾಗದಗಳನ್ನ ಒಂದೇ ಹೆಸರಲ್ಲಿ ಕರೀತಿರ್ತಾರೆ.

ಒಂದು, ಸಿವಿಲ್ ಕೋರ್ಟ್ ಡಿಕ್ರಿ. ಅಣ್ಣ ತಮ್ಮಂದಿರ ಮಧ್ಯೆ ವಿಭಾಗದ ದಾವಾ ನಡೆದು ಸರ್ವೆ ನಂಬರ್ ತಮ್ಮನ ಪಾಲಿಗೆ ಬಂತು ಅನ್ಕೊಳ್ಳಿ. ಆ ಡಿಕ್ರಿ ಅಣ್ಣನ್ನ ಕಟ್ಟಿಹಾಕತ್ತೆ, ಯಾಕಂದ್ರೆ ದಾವಾದಲ್ಲಿ ಪಾರ್ಟಿ ಅವನು. ತಹಶೀಲ್ದಾರ್ ಅಲ್ಲಿ ಪಾರ್ಟಿನೇ ಅಲ್ಲ, ಅವರಿಗೆ ಹೀಗೆ ಮಾಡಿ ಅಂತ ಕೋರ್ಟ್ ಹೇಳಿರೋದೂ ಇಲ್ಲ. ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ 135ನೇ ಸೆಕ್ಷನ್ ಪ್ರಕಾರ ಹಕ್ಕು ಘೋಷಣೆಯ ಡಿಕ್ರಿ ಬಂದ್ರೆ ದಾಖಲೆಯನ್ನ ಅದಕ್ಕೆ ತಕ್ಕಂತೆ ತಿದ್ದಬೇಕು, ಅದು ಅಧಿಕಾರಿಯ ಕಾನೂನು ಕರ್ತವ್ಯ. ಆದ್ರೆ ಕಾನೂನು ಕರ್ತವ್ಯ ಮಾಡದೇ ಇರೋದು ಬೇರೆ, ಕೋರ್ಟ್ ಆದೇಶ ಮುರಿಯೋದು ಬೇರೆ. ಹಾಗಾಗಿ ಡಿಕ್ರಿ ಹಿಡ್ಕೊಂಡು ನೇರ ತಹಶೀಲ್ದಾರ್ ಮೇಲೆ ಕಂಟೆಂಪ್ಟ್ ಹಾಕಿದವರು ಹೆಚ್ಚಾಗಿ ಬರಿಗೈಲಿ ವಾಪಸ್ ಬರ್ತಾರೆ. ಮೊದಲು ಡಿಕ್ರಿ ನಕಲು ಇಟ್ಟು ಮ್ಯುಟೇಶನ್‌ಗೆ ಅರ್ಜಿ ಕೊಡಬೇಕು, ಮಾಡ್ಲಿಲ್ಲ ಅಂದ್ರೆ ಸಂವಿಧಾನದ 226ನೇ ವಿಧಿ ಅಡಿ ಹೈಕೋರ್ಟ್‌ಗೆ ರಿಟ್ ಹಾಕಿ ಮ್ಯಾಂಡಮಸ್, ಅಂದ್ರೆ ಅಧಿಕಾರಿಗೆ ನಿನ್ನ ಕರ್ತವ್ಯ ಮಾಡು ಅನ್ನೋ ಆದೇಶ, ತಗೋಬೇಕು, ಅದನ್ನೂ ಮಾಡ್ಲಿಲ್ಲ ಅಂದ್ರೆ ಆವಾಗ ಕಂಟೆಂಪ್ಟ್. ಉದ್ದ ದಾರಿ, ಸುಸ್ತಾಗೋ ದಾರಿ, ಆದ್ರೆ ದಾರಿ ಅದೇ.

ಎರಡು, ಸಿವಿಲ್ ಕೋರ್ಟ್‌ನ ತಡೆಯಾಜ್ಞೆ, ಅಂದ್ರೆ ಇಂಜಂಕ್ಷನ್. ಇದನ್ನ ಮುರಿದ್ರೆ ಅದೇ ಕೋರ್ಟ್‌ನಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 39 ನಿಯಮ 2ಎ ಅಡಿ ಅರ್ಜಿ ಹಾಕಬಹುದು, ಆಸ್ತಿ ಜಪ್ತಿ ಮಾಡೋ ಅಧಿಕಾರನೂ ಇದೆ, 3 ತಿಂಗಳವರೆಗೆ ಸಿವಿಲ್ ಜೈಲಿಗೆ ಕಳಿಸೋ ಅಧಿಕಾರನೂ ಇದೆ. ಕೆಳಗಿನ ಕೋರ್ಟ್‌ಗಳ ನಿಂದನೆಯನ್ನ ವಿಚಾರಿಸೋ ಅಧಿಕಾರ ಹೈಕೋರ್ಟ್‌ಗೆ ನ್ಯಾಯಾಂಗ ನಿಂದನೆ ಕಾಯ್ದೆಯ 10ನೇ ಸೆಕ್ಷನ್ ಕೊಟ್ಟಿದ್ರೂ, ಅಲ್ಲೇ ಪರಿಹಾರ ಇರೋವಾಗ ಇಲ್ಲಿಗ್ಯಾಕೆ ಬಂದ್ರಿ ಅನ್ನೋ ಪ್ರಶ್ನೆ ಎದುರಾಗತ್ತೆ.

ಮೂರನೇದು ಎಸಿ (ಉಪವಿಭಾಗಾಧಿಕಾರಿ) ಕೋರ್ಟ್, ಡಿಸಿ (ಜಿಲ್ಲಾಧಿಕಾರಿ) ಕೋರ್ಟ್ ಆದೇಶ. ಹೆಸರಲ್ಲಿ ಕೋರ್ಟ್ ಅಂತಿದ್ರೂ ಇವರು ಕಂದಾಯ ಅಧಿಕಾರಿಗಳೇ, ಭೂ ಕಂದಾಯ ಕಾಯ್ದೆಯ 136ನೇ ಸೆಕ್ಷನ್ ಅಡಿ ಮೇಲ್ಮನವಿ ಕೇಳೋರು ಎಸಿ, ಪರಿಷ್ಕರಣೆ ಮಾಡೋರು ಡಿಸಿ. ಎಸಿ ಆದೇಶವನ್ನ ತಹಶೀಲ್ದಾರ್ ಜಾರಿ ಮಾಡ್ಲಿಲ್ಲ ಅಂದ್ರೆ ಅಲ್ಲೂ ಸಾಮಾನ್ಯವಾಗಿ ಮೊದಲು ಮ್ಯಾಂಡಮಸ್ ತಗೊಂಡೇ ಮುಂದೆ ಹೋಗಬೇಕು.

ಅಂದ್ರೆ ನಾವು ಪೇಪರ್‌ನಲ್ಲಿ ಓದೋ ಕಂಟೆಂಪ್ಟ್ ಕೇಸುಗಳು ಹೆಚ್ಚಾಗಿ ರಿಟ್ ಆದೇಶ ಸಿಕ್ಕಿ ಅದೂ ಜಾರಿ ಆಗದೇ ಇದ್ದವು. ಹೈಕೋರ್ಟ್‌ನ ಬೆಂಗಳೂರು ಪ್ರಧಾನ ಪೀಠ ಇರ್ಲಿ, ಧಾರವಾಡ ಕಲಬುರಗಿ ಪೀಠಗಳಿರ್ಲಿ, ಆ ಅಧಿಕಾರದ ಬೇರು ಇರೋದು ಸಂವಿಧಾನದ 215ನೇ ವಿಧಿಯಲ್ಲಿ.

'ಪರಿಗಣಿಸಿ' ಅನ್ನೋ ಒಂದು ಪದ

ಈಗ ಅಸಲಿ ವಿಷಯಕ್ಕೆ ಬರೋಣ. ರಿಟ್ ಆದೇಶದ ಕೊನೆಯಲ್ಲಿ ಎರಡು ಥರದ ವಾಕ್ಯ ಬರಬಹುದು. ಒಂದು, ಅರ್ಜಿದಾರರ ಹೆಸರನ್ನ ಇಂತಿಷ್ಟು ವಾರದೊಳಗೆ ಪಹಣಿಯಲ್ಲಿ ನಮೂದಿಸಿ. ಇನ್ನೊಂದು, ಅರ್ಜಿದಾರರು ಕೊಟ್ಟಿರೋ ಮನವಿಯನ್ನ ಕಾನೂನು ರೀತ್ಯಾ ಪರಿಗಣಿಸಿ ಇಂತಿಷ್ಟು ವಾರದೊಳಗೆ ಸೂಕ್ತ ಆದೇಶ ಮಾಡಿ. ಕೇಸ್ ಗೆದ್ವಿ ಅಂತ ಎರಡಕ್ಕೂ ಸ್ವೀಟ್ ಹಂಚ್ತಾರೆ, ಆದ್ರೆ ಇವೆರಡರ ಮಧ್ಯೆ ಭೂಮಿ ಆಕಾಶದಷ್ಟು ಅಂತರ.

ಎರಡನೇದ್ರಲ್ಲಿ ಕೋರ್ಟ್ ಪಹಣಿ ತಿದ್ದು ಅಂತ ಹೇಳೇ ಇಲ್ಲ. ಮನವಿ ಓದಿ ಒಂದು ತೀರ್ಮಾನಕ್ಕೆ ಬಾ ಅಂದಿದೆ ಅಷ್ಟೇ. ಮೊದಲ ವಾದಕ್ಕೇ ರಿಟ್ ಬೇಗ ಮುಗಿಬೇಕು ಅಂತ ಅರ್ಜಿದಾರರ ವಕೀಲರೇ ಎಷ್ಟೋ ಸಲ ಅಷ್ಟು ಸಾಕು ಸ್ವಾಮಿ ಅಂದಿರ್ತಾರೆ, ಸರ್ಕಾರಿ ವಕೀಲರು ತಕರಾರು ಮಾಡದೆ ಒಪ್ತಾರೆ, ಕೋರ್ಟ್‌ಗೂ ಒಂದು ಕೇಸ್ ಕಮ್ಮಿ ಆಗತ್ತೆ. ಎಲ್ಲರಿಗೂ ಖುಷಿ. ಆಮೇಲೆ ಗಡುವು ದಾಟತ್ತೆ, ಕಂಟೆಂಪ್ಟ್ ಬೀಳತ್ತೆ, ನೋಟಿಸ್ ತಲುಪಿದ ವಾರದಲ್ಲೇ ತಾಲ್ಲೂಕು ಆಫೀಸಿಂದ ಒಂದು ಹಿಂಬರಹ, ಅಂದ್ರೆ ಅರ್ಜಿಗೆ ಲಿಖಿತ ಉತ್ತರ, ಹೊರಡತ್ತೆ, ಸದರಿ ಜಮೀನಿನ ಬಗ್ಗೆ ತಕರಾರು ಇರೋದ್ರಿಂದ ನಿಮ್ಮ ಕೋರಿಕೆಯನ್ನ ತಿರಸ್ಕರಿಸಲಾಗಿದೆ ಅಂತ. ಆ ಹಿಂಬರಹವನ್ನ ಪಾಲನಾ ಅಫಿಡವಿಟ್ ಜೊತೆ ಕೋರ್ಟ್‌ಗೆ ಕೊಡ್ತಾರೆ. ಪರಿಗಣಿಸಿ ಅಂದಿದ್ರು, ಪರಿಗಣಿಸಿದ್ವಿ, ತಿರಸ್ಕರಿಸಿದ್ವಿ. ಆದೇಶ ಪಾಲನೆ ಆಯ್ತು.

ಇದು ಕಳ್ಳಾಟ ಅನ್ಸಬಹುದು, ಕೆಲವು ಸಲ ಹೌದು ಕೂಡ. ಆದ್ರೆ ಸುಪ್ರೀಂ ಕೋರ್ಟ್ 1996ರಲ್ಲೇ ಜೆ.ಎಸ್. ಪರಿಹಾರ್ ಕೇಸಲ್ಲಿ ಹೇಳಿರೋ ಪ್ರಕಾರ, ನಿರ್ದೇಶನದ ಮೇರೆಗೆ ಅಧಿಕಾರಿ ಒಂದು ಆದೇಶ ಮಾಡಿದ್ಮೇಲೆ ಅದು ಸರಿಯೋ ತಪ್ಪೋ ಅನ್ನೋದು ಹೊಸ ವ್ಯಾಜ್ಯಕಾರಣ, ಅದನ್ನ ಬೇರೆಯಾಗಿ ಪ್ರಶ್ನೆ ಮಾಡಬೇಕು, ಕಂಟೆಂಪ್ಟ್ ಪೀಠದಲ್ಲಿ ಅದನ್ನ ತೂಗೋ ಹಾಗಿಲ್ಲ. ಪಹಣಿ ಬದಲಾಗದೇ ಕೇಸ್ ಮುಗಿಯೋ ಗುಟ್ಟು ಇಷ್ಟೇ.

ಹಾಗಾದ್ರೆ ಕೋರ್ಟ್ ನೇರವಾಗಿ ಹೆಸರು ಸೇರಿಸಿ ಅಂತ ಯಾಕೆ ಹೇಳಲ್ಲ? ಅದಕ್ಕೂ ಕಾರಣ ಇದೆ. ಪಹಣಿ ಹಕ್ಕುಪತ್ರ ಅಲ್ಲ. ಭೂ ಕಂದಾಯ ಕಾಯ್ದೆಯ 133ನೇ ಸೆಕ್ಷನ್ ಪ್ರಕಾರ ಅದರ ನಮೂದನ್ನ ಬೇರೆ ಥರ ಸಾಬೀತಾಗೋ ತನಕ ನಿಜ ಅಂತ ಭಾವಿಸಬೇಕು, ಅಷ್ಟೇ ಅದರ ಬಲ. ಮ್ಯುಟೇಶನ್ ಆಗಿದ್ದಕ್ಕೆ ಮಾಲೀಕತ್ವ ಹುಟ್ಟಲ್ಲ, ಆಗದೇ ಇದ್ದಿದ್ದಕ್ಕೆ ಹೋಗೋದೂ ಇಲ್ಲ ಅಂತ ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ, 2021ರ ಜಿತೇಂದ್ರ ಸಿಂಗ್ ಕೇಸಲ್ಲೂ ಅದನ್ನೇ ಹೇಳಿತ್ತು. ಸಾಕ್ಷಿ ವಿಚಾರಣೆ ಇಲ್ಲದ ರಿಟ್‌ನಲ್ಲಿ, ಎದುರು ಪಾರ್ಟಿಯ ಮಾತು ಕೇಳದೇ, ಇವರ ಹೆಸರು ಹಾಕಿ ಅಂತ ಹೇಳೋಕೆ ಯಾವ ಜಡ್ಜ್ ಆದ್ರೂ ಹಿಂದೆ ಮುಂದೆ ನೋಡ್ತಾರೆ. ಇದು ಕಾನೂನಿನ ಲೆಕ್ಕ. ರೈತನ ಲೆಕ್ಕ ಬೇರೆ, ಬೆಳೆ ಸಾಲ, ಬೆಳೆ ಪರಿಹಾರ, ಭೂಸ್ವಾಧೀನದ ದುಡ್ಡು, ಕೊನೆಗೆ ಮಾರಾಟದ ರಿಜಿಸ್ಟ್ರೇಶನ್ ಎಲ್ಲದಕ್ಕೂ ಮೊದಲು ಕೇಳೋದೇ ಪಹಣಿ. ಹಕ್ಕು ಹುಟ್ಟಿಸದ ಕಾಗದವೇ ಬದುಕು ನಡೆಸೋ ಕಾಗದ ಆಗಿರೋದ್ರಿಂದ ಈ ಜಗಳಕ್ಕೆ ಇಷ್ಟು ಕಾವು.

ಫೈಲ್ ಯಾಕೆ ಅಲ್ಲಾಡಲ್ಲ

ಸ್ಪಷ್ಟ ಆದೇಶ ಇದ್ರೂ ಅಧಿಕಾರಿಗಳು ಯಾಕೆ ಸುಮ್ನಿರ್ತಾರೆ? ಲಂಚ ಅನ್ನೋದು ಬಾಯಿಗೆ ಬರೋ ಮೊದಲ ಉತ್ತರ, ಅದು ಇಲ್ಲ ಅಂತ ಹೇಳೋಕೆ ಯಾರಿಗೂ ಧೈರ್ಯ ಇರಲ್ಲ. ಆದ್ರೆ ಅದೊಂದೇ ಅಲ್ಲ. ಸಹಿ ಹಾಕಿದ್ರೆ ಅಪಾಯ ಇದೆ, ಹಾಕದೇ ಇದ್ರೆ ಅಪಾಯ ಇಲ್ಲ, ಆಫೀಸಿನ ಲೆಕ್ಕಾಚಾರ ನಿಂತಿರೋದೇ ಇದ್ರ ಮೇಲೆ. ತಪ್ಪು ಖಾತೆ ಮಾಡಿದ್ರೆ ಮುಂದೆ ಲೋಕಾಯುಕ್ತ, ಇಲಾಖಾ ವಿಚಾರಣೆ, ಸರ್ಕಾರಿ ಜಮೀನು ಪರಭಾರೆ ಮಾಡಿದ ಆರೋಪ. ಸುಮ್ಮನೆ ಕೂತ್ರೆ ಏನೂ ಇಲ್ಲ, ಅರ್ಜಿದಾರ ಬಂದು ಬೈದು ಹೋಗ್ತಾನೆ, ಅಷ್ಟೇ.

ಈ ಲೆಕ್ಕ ತಿರುಗೋದೇ ಕಂಟೆಂಪ್ಟ್ ನೋಟಿಸ್ ಬಂದಾಗ. ರಿಟ್‌ನಲ್ಲಿ ಎದುರುದಾರರು 'ತಹಶೀಲ್ದಾರ್, ಇಂಥ ತಾಲ್ಲೂಕು', ಅದು ಕುರ್ಚಿ. ಕಂಟೆಂಪ್ಟ್‌ನಲ್ಲಿ ಆ ಕುರ್ಚಿಯಲ್ಲಿ ಕೂತವರ ಹೆಸರೇ ಬೀಳತ್ತೆ. ಜೈಲಿಗೆ ಕುರ್ಚಿ ಹೋಗಲ್ಲ ನೋಡಿ. ಅಲ್ಲಿ ತನಕ ಕೇಸ್ ವರ್ಕರ್ ಹತ್ರ, ಶಿರಸ್ತೇದಾರ್ ಹತ್ರ, ಆರ್‌ಐ (ಕಂದಾಯ ನಿರೀಕ್ಷಕರ) ವರದಿ ಬರಲಿ ಸರ್ವೆ ಸ್ಕೆಚ್ ಬರಲಿ ಅಂತ ಸುತ್ತುತಿದ್ದ ಕಡತ ಆವಾಗ ಎರಡೇ ದಿನಕ್ಕೆ ಮೇಜಿಗೆ ಬರತ್ತೆ. ಹಾಗಾಗಿ ಕಂಟೆಂಪ್ಟ್‌ನಿಂದ ಯಾರಿಗೂ ಶಿಕ್ಷೆ ಆಗಲ್ಲ ಅದು ವೇಸ್ಟ್ ಅನ್ನೋದು ಅರ್ಧ ಸತ್ಯ, ಶಿಕ್ಷೆ ಆಗೋದು ಅಪರೂಪ ನಿಜ, ಕೆಲಸ ಆಗೋದು ಆ ಭಯದಿಂದಲೇ.

ಆದ್ರೆ ಇದೇ ಗುಣ ಇನ್ನೊಂದು ತೊಂದರೆನೂ ತರತ್ತೆ. ಆದೇಶ ಬಂದಾಗ ಇದ್ದ ತಹಶೀಲ್ದಾರ್ ವರ್ಗ ಆಗಿರ್ತಾರೆ. ಹೊಸಬರು ನನಗೆ ಆದೇಶದ ಪ್ರತಿನೇ ಬಂದಿಲ್ಲ ಅಂತಾರೆ, ಹಳಬರು ಈಗ ನನ್ನ ಕೈಲಿ ಅಧಿಕಾರ ಇಲ್ಲ ಅಂತಾರೆ. ಇಬ್ಬರ ಮಾತೂ ಮೇಲ್ನೋಟಕ್ಕೆ ನಿಜವೇ, ಬೇಕಂತಲೇ ಅನ್ನೋದು ಇಬ್ಬರ ಮಧ್ಯೆ ಜಾರಿಹೋಗತ್ತೆ. ಅದಕ್ಕೇ ಅನುಭವಿ ವಕೀಲರು ಹೊಸಬರು ಬಂದ ತಕ್ಷಣ ಪ್ರಮಾಣೀಕೃತ ನಕಲನ್ನ ಅವರ ಆಫೀಸಿನ ಟಪಾಲು ವಿಭಾಗಕ್ಕೆ ಮತ್ತೆ ಕೊಟ್ಟು ಸೀಲ್ ಹಾಕಿಸ್ಕೊಳ್ಳಿ ಅನ್ನೋದು.

ಅಧಿಕಾರಿಗಳ ಕಡೆ ವಾದ

ಅವರ ಮಾತನ್ನೂ ಕೇಳ್ಬೇಕು. ಒಂದೇ ಸರ್ವೆ ನಂಬರ್ ಮೇಲೆ ಒಂದು ಕಡೆ ರಿಟ್ ಆದೇಶ, ಇನ್ನೊಂದು ಕಡೆ ಸಿವಿಲ್ ಕೋರ್ಟ್‌ನ ಯಥಾಸ್ಥಿತಿ ಆದೇಶ ಇರೋದು ಅಪರೂಪ ಏನಲ್ಲ, ಒಂದನ್ನ ಪಾಲಿಸಿದ್ರೆ ಇನ್ನೊಂದರ ನಿಂದನೆ. ಪಹಣಿಯನ್ನ ಕಂಪ್ಯೂಟರ್‌ನಲ್ಲಿ ಇಡೋ 'ಭೂಮಿ' ಸಾಫ್ಟ್‌ವೇರ್ ಬಂದ್ಮೇಲೆ ಕೈಬರಹದಲ್ಲಿ ತಿದ್ದೋ ಕಾಲ ಹೋಯ್ತು, ಪೋಡಿ ದುರಸ್ತಿ ಆಗದೆ, ಆಕಾರಬಂದ್‌ಗೂ (ಸರ್ವೆ ಇಲಾಖೆಯ ವಿಸ್ತೀರ್ಣದ ದಾಖಲೆ) ಪಹಣಿಗೂ ವಿಸ್ತೀರ್ಣ ತಾಳೆ ಆಗದೆ ಕೆಲವು ನಮೂದು ಮುಂದಕ್ಕೇ ಹೋಗಲ್ಲ. ಹಳೇ ಇನಾಂ ಜಮೀನು, ದರಖಾಸ್ತು ಜಮೀನಿನ ಮೂಲ ಮಂಜೂರಾತಿ ಕಡತ ಸಿಗೋದೇ ಇಲ್ಲ. ಇದ್ಯಾವುದೂ ಸುಳ್ಳಲ್ಲ. ಸಮಸ್ಯೆ ಏನಂದ್ರೆ ಈ ಕಷ್ಟಗಳನ್ನ ಗಡುವು ಮುಗಿಯೋ ಮುಂಚೆ ಕೋರ್ಟ್‌ಗೆ ಹೋಗಿ ಹೇಳಿ ಸಮಯ ಕೇಳೋರು ಕಮ್ಮಿ, ಕಂಟೆಂಪ್ಟ್ ಬಂದ್ಮೇಲೆ ಕಾರಣವಾಗಿ ಎಳ್ಕೊಂಡು ಬರೋರೇ ಜಾಸ್ತಿ. ಮುಂಚೆ ಹೇಳಿದ್ರೆ ಅದು ವಿವರಣೆ, ಆಮೇಲೆ ಹೇಳಿದ್ರೆ ನೆಪ.

ಮೇಲ್ಮನವಿ ವಿಚಾರನೂ ಇದೇ. ಸರ್ಕಾರಕ್ಕೆ ಆದೇಶ ಒಪ್ಪಿಗೆ ಆಗಿಲ್ಲ ಅಂದ್ರೆ ಏಕಸದಸ್ಯ ಪೀಠದ ಮೇಲೆ ರಿಟ್ ಅಪೀಲು ಹಾಕೋ ಹಕ್ಕು ಪೂರ್ತಿ ಇದೆ, 30 ದಿನದ ಅವಧಿ. ಬರೀ ಅಪೀಲು ಹಾಕಿದ್ರೆ ಆದೇಶ ನಿಲ್ಲಲ್ಲ, ತಡೆ ಸಿಗಬೇಕು. ಆದ್ರೆ ನಡೆಯೋದು ಏನು, ವರ್ಷಗಟ್ಟಲೆ ಸುಮ್ನಿದ್ದು ಕಂಟೆಂಪ್ಟ್ ನೋಟಿಸ್ ಬಂದಾಗ ವಿಳಂಬ ಮನ್ನಿಸಿ ಅಂತ ಅರ್ಜಿ ಸೇರಿಸಿ ಅಪೀಲು ಹಾಕ್ತಾರೆ, ಅಪೀಲು ಬಾಕಿ ಇದೆ ಅಂತ ಕಂಟೆಂಪ್ಟ್ ಪೀಠದ ಮುಂದೆ ಹೇಳ್ತಾರೆ, ತಡೆ ಅರ್ಜಿ ತೀರ್ಮಾನ ಆಗ್ಲಿ ಅಂತ ಕೋರ್ಟ್‌ಗಳೂ ಹೆಚ್ಚಾಗಿ ಮುಂದೂಡ್ತಾವೆ.

ಅಧಿಕಾರಿಗಳನ್ನ ಮಾತೆತ್ತಿದ್ರೆ ಖುದ್ದು ಕರೆಸೋದರ ಬಗ್ಗೆ 2024ರ ಜನವರಿ 3ರಂದು ಸುಪ್ರೀಂ ಕೋರ್ಟ್ ಉತ್ತರ ಪ್ರದೇಶದ ಒಂದು ಕೇಸಲ್ಲಿ ಕಾರ್ಯವಿಧಾನವನ್ನೇ ಹಾಕಿಕೊಟ್ಟಿದೆ. ಮೊದಲು ವಿಡಿಯೋ ಕಾನ್ಫರೆನ್ಸ್, ಅಗತ್ಯ ಬಿದ್ರೆ ಮಾತ್ರ ಖುದ್ದು ಹಾಜರಿ, ಬಟ್ಟೆ ಬರೆ ಬಗ್ಗೆ ಟೀಕೆ ಬೇಡ, ಕಾನೂನಿನಲ್ಲಿ ಇರೋ ಪರಿಹಾರ ಬಳಸಿದ್ದಕ್ಕೆ ಕಂಟೆಂಪ್ಟ್ ಬಳಸೋ ಹಾಗಿಲ್ಲ. ಇದು ಸರಿಯಾದ ಬ್ರೇಕ್ ಅನ್ನೋರಿದ್ದಾರೆ, ಒಬ್ಬ ಡಿಸಿ ದಿನಪೂರ್ತಿ ಕೋರ್ಟ್ ಹಾಲ್‌ನಲ್ಲಿ ಕೂತ್ರೆ ಜಿಲ್ಲೆಯ ಕೆಲಸ ನಿಲ್ಲತ್ತೆ ಅನ್ನೋದು ಅವರ ವಾದ. ರೈತನ ಪರ ಇರೋರ ಅಳಲು ಉಲ್ಟಾ, ಕಡತ ಅಲ್ಲಾಡ್ತಿದ್ದಿದ್ದೇ ಖುದ್ದು ಹಾಜರಿಯ ಭಯಕ್ಕೆ, ಅದನ್ನೇ ತೆಗೆದ್ರೆ ಉಳಿಯೋದೇನು. ಎರಡರಲ್ಲೂ ಸತ್ವ ಇದೆ, ಆದ್ರೆ ಆ ತೀರ್ಪು ಖುದ್ದು ಹಾಜರಿಯನ್ನ ಪೂರ್ತಿ ತೆಗೆದಿಲ್ಲ ಅನ್ನೋದನ್ನ ಎರಡೂ ಕಡೆಯವರು ಅವರವರ ಅನುಕೂಲಕ್ಕೆ ಮರೀತಾರೆ.

ಒಂದು ವರ್ಷ, ಅಷ್ಟೇ

ನ್ಯಾಯಾಂಗ ನಿಂದನೆ ಕಾಯ್ದೆಯ 20ನೇ ಸೆಕ್ಷನ್ ಎಷ್ಟೋ ಜನರನ್ನ ಮುಳುಗಿಸಿದೆ. ನಿಂದನೆ ಆಯ್ತು ಅನ್ನೋ ದಿನದಿಂದ 1 ವರ್ಷದೊಳಗೆ ಕಂಟೆಂಪ್ಟ್ ಅರ್ಜಿ ಹಾಕಿರಬೇಕು. ಡಿಕ್ರಿ ಜಾರಿಗೆ 12 ವರ್ಷ ಟೈಮ್ ಇರತ್ತಲ್ಲ, ಅದೇ ಗುಂಗಲ್ಲಿ ಜನ ಇಲ್ಲೂ ಇರ್ತಾರೆ. ಆದೇಶದ ಪ್ರತಿ ತಲುಪಿ 3 ತಿಂಗಳೊಳಗೆ ಮಾಡಿ ಅಂದಿದ್ರೆ ಆ 3 ತಿಂಗಳು ಮುಗಿದ ಮರುದಿನದಿಂದ ಗಡಿಯಾರ ಓಡೋಕೆ ಶುರು. ಆ ವರ್ಷದಲ್ಲಿ ಜನ ಏನ್ಮಾಡ್ತಾರೆ ಅಂದ್ರೆ ಜ್ಞಾಪನಾ ಪತ್ರ ಕೊಡ್ತಾರೆ, ಜನಸ್ಪಂದನಕ್ಕೆ ಹೋಗ್ತಾರೆ, ಶಾಸಕರ ಕೈಲಿ ಫೋನ್ ಮಾಡಿಸ್ತಾರೆ, ಮುಂದಿನ ವಾರ ಆಗತ್ತೆ ಅಂತ ಕೇಳಿ ವಾಪಸ್ ಬರ್ತಾರೆ. ಇದ್ಯಾವುದೂ ಆ ಗಡಿಯಾರ ನಿಲ್ಸಲ್ಲ. ಮಾಡದೇ ಇರೋ ಒಂದೊಂದು ದಿನಾನೂ ಹೊಸ ನಿಂದನೆ ಅಲ್ವಾ ಅಂತ ವಾದ ಮಾಡಬಹುದು, ಆ ವಾದ ಕೆಲವು ಕೇಸಲ್ಲಿ ನಡೆದಿದೆ ಕೂಡ, ಆದ್ರೆ ತೆಲಂಗಾಣದ ಒಂದು ಜಮೀನು ಕೇಸಲ್ಲಿ 2024ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಬಿಗಿ ಗೆರೆ ಹಾಕಿದೆ. ಅದನ್ನೇ ನಂಬ್ಕೊಂಡು ಕೂರೋದು ಜೂಜು.

ಶಿಕ್ಷೆ ಲೆಕ್ಕ

12ನೇ ಸೆಕ್ಷನ್ ಪ್ರಕಾರ ಹೆಚ್ಚಂದ್ರೆ 6 ತಿಂಗಳು ಸಾದಾ ಜೈಲು, ಇಲ್ಲಾ 2,000 ರೂಪಾಯಿ ದಂಡ, ಇಲ್ಲಾ ಎರಡೂ. ಹೌದು, ಎರಡೇ ಸಾವಿರ, 1971ರಲ್ಲಿ ಬರೆದ ಅಂಕಿ ಇವತ್ತಿಗೂ ಹಾಗೇ ಇದೆ. ಮನಸಾರೆ ಕ್ಷಮೆ ಕೇಳಿದ್ರೆ ಶಿಕ್ಷೆ ಬಿಡೋ ಅವಕಾಶನೂ ಅದೇ ಸೆಕ್ಷನ್‌ನಲ್ಲಿದೆ. ಹಾಗಾಗಿ ಕೆಲಸ ಮಾಡಿ ಕ್ಷಮೆ ಕೇಳಿದ್ರೆ ಕೋರ್ಟ್ ಸಾಮಾನ್ಯವಾಗಿ ಮುಗಿಸತ್ತೆ. ಶಿಕ್ಷೆ ಕೊಟ್ರೆ 19ನೇ ಸೆಕ್ಷನ್ ಅಡಿ ಅಪೀಲು ಹಕ್ಕಾಗಿ ಸಿಗತ್ತೆ, ಆದ್ರೆ ಕೋರ್ಟ್ ಶಿಕ್ಷೆ ಕೊಡಲ್ಲ ಅಂದ್ರೆ ಅರ್ಜಿದಾರರಿಗೆ ಆ ಸೆಕ್ಷನ್‌ನಲ್ಲಿ ಅಪೀಲು ಇಲ್ಲ. ತಕ್ಕಡಿ ಯಾವ ಕಡೆ ವಾಲಿದೆ ಅನ್ನೋದು ಇದ್ರಲ್ಲೇ ಗೊತ್ತಾಗತ್ತೆ.

ಹಾಗಂತ ಯಾವತ್ತೂ ಯಾರಿಗೂ ಆಗಿಲ್ಲ ಅಂತಲ್ಲ. 1995ರಲ್ಲಿ ಕರ್ನಾಟಕದ ಹಿರಿಯ ಐಎಎಸ್ ಅಧಿಕಾರಿ ಜೆ. ವಾಸುದೇವನ್ ಅವರಿಗೆ ಸುಪ್ರೀಂ ಕೋರ್ಟ್ ಒಂದು ತಿಂಗಳ ಜೈಲು ವಿಧಿಸಿತ್ತು, ಅದು ಜಮೀನಲ್ಲ, ಬೆಂಗಳೂರು ಪಾಲಿಕೆಯ ಎಂಜಿನಿಯರ್ ಒಬ್ಬರ ಬಡ್ತಿ ವಿಚಾರ. ಇತ್ತೀಚಿನದು ಆಂಧ್ರದ ಗುಂಟೂರು ಜಿಲ್ಲೆಯದ್ದು. ಹೈಕೋರ್ಟ್ ಬೇಡ ಅಂದ್ರೂ ಆಗ ತಹಶೀಲ್ದಾರ್ ಆಗಿದ್ದವರು ಗುಡಿಸಲುಗಳನ್ನ ಕೆಡವಿಸಿದ್ರು, ಹೈಕೋರ್ಟ್ 2 ತಿಂಗಳು ಜೈಲು ಅಂದಿತ್ತು. ಅಷ್ಟೊತ್ತಿಗೆ ಅವರು ಡೆಪ್ಯುಟಿ ಕಲೆಕ್ಟರ್ ಆಗಿದ್ರು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಜೈಲಿನ ಬದಲು ಅವರನ್ನ ಮತ್ತೆ ತಹಶೀಲ್ದಾರ್ ಹುದ್ದೆಗೆ ಇಳಿಸಿ 1 ಲಕ್ಷ ರೂಪಾಯಿ ದಂಡ ಹಾಕ್ತು. ಎರಡು ಸಾವಿರದ ದಂಡಕ್ಕಿಂತ ಸರ್ವಿಸ್‌ಗೆ ಬೀಳೋ ಪೆಟ್ಟು ಆಫೀಸುಗಳಲ್ಲಿ ಜಾಸ್ತಿ ಕೇಳ್ಸತ್ತೆ.

ಆದ್ರೆ ಈ ಕೇಸನ್ನ ತೋರ್ಸಿ ನಮ್ಮ ತಹಶೀಲ್ದಾರ್‌ಗೂ ಹೀಗೇ ಆಗತ್ತೆ ಅನ್ನೋದು ಆತುರ. ಅಲ್ಲಿ ಇದ್ದಿದ್ದು ಮಾಡಬೇಡ ಅನ್ನೋ ಆದೇಶ, ಮಾಡಿದ್ದು ಕಣ್ಣಿಗೆ ಕಾಣೋ ಕೆಲಸ. ಬೇಡ ಅಂದಿದ್ದನ್ನ ಮಾಡಿದ್ರೆ ಬೇಕಂತಲೇ ಅಂತ ತೋರ್ಸೋದು ಸುಲಭ. ಪಹಣಿ ಕೇಸುಗಳಲ್ಲಿ ಇರೋದು ಮಾಡು ಅನ್ನೋ ಆದೇಶ, ಮಾಡದೇ ಇರೋದಕ್ಕೆ ಹತ್ತು ಕಾರಣ ಹುಟ್ಟತ್ತೆ.

ಕೇಸ್ ಮುಗಿದ್ಮೇಲೆ ಪಹಣಿ

ಈ ನಡುವೆ ಎದುರು ಪಾರ್ಟಿ ಹಳೇ ಪಹಣಿ ತೋರ್ಸಿ ಜಮೀನು ಮಾರಿಬಿಟ್ರೆ ಏನು ಅನ್ನೋ ಭಯ ಸಹಜ. ಸಿವಿಲ್ ಕೋರ್ಟ್‌ನಲ್ಲಿ ಆ ಜಮೀನಿನ ಹಕ್ಕಿನ ದಾವಾ ನಡೀತಿರೋವಾಗ ಆದ ಮಾರಾಟ, ಆಸ್ತಿ ವರ್ಗಾವಣೆ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆ ದಾವಾದ ತೀರ್ಪಿಗೆ ಬದ್ಧ, ಕೊಂಡವರು ನನಗೆ ಗೊತ್ತಿರಲಿಲ್ಲ ಅಂದ್ರೂ ನಡೆಯಲ್ಲ. ಆದ್ರೆ ಬರೀ ಕಂದಾಯ ಆಫೀಸಲ್ಲಿ ತಕರಾರು ಅರ್ಜಿ ಇದೆ ಅನ್ನೋದಕ್ಕೆ ಆ ಬಲ ಇಲ್ಲ. ಪಹಣಿಯ 11ನೇ ಕಾಲಂನಲ್ಲಿ ಕೋರ್ಟ್ ಕೇಸಿನ ನಮೂದು ಬಂದಿದ್ರೆ ಕೊಳ್ಳೋರು ಒಂದು ಸಲ ಯೋಚನೆ ಮಾಡ್ತಾರೆ, ಎಷ್ಟೋ ಜನ ಅದನ್ನ ಕೇಳೋದೇ ಇಲ್ಲ.

ತಿರಸ್ಕಾರದ ಹಿಂಬರಹ ಬಂದು ಕಂಟೆಂಪ್ಟ್ ಮುಗಿದವರಿಗೆ ಕೋರ್ಟ್ ಸಾಮಾನ್ಯವಾಗಿ ಒಂದು ಸಾಲು ಬಿಟ್ಟಿರತ್ತೆ, ಹೊಸ ಆದೇಶವನ್ನ ಪ್ರಶ್ನಿಸೋ ಸ್ವಾತಂತ್ರ್ಯ ಅರ್ಜಿದಾರರಿಗಿದೆ ಅಂತ. ಸೋತ ಬೇಜಾರಲ್ಲಿ ಅದನ್ನ ಯಾರೂ ಓದಲ್ಲ. ಆದ್ರೆ ಆ ಹಿಂಬರಹ ಬಂದ ದಿನದಿಂದಲೇ ಇನ್ನೊಂದು ಗಡಿಯಾರ ಶುರುವಾಗಿರತ್ತೆ, ಮ್ಯುಟೇಶನ್ ಆದೇಶ ಆಗಿದ್ರೆ ಭೂ ಕಂದಾಯ ಕಾಯ್ದೆಯ 136(2)ರ ಅಡಿ ಎಸಿ ಮುಂದೆ ಅಪೀಲಿಗೆ 60 ದಿನ. ಕಾರಣವನ್ನೇ ಕೊಡದ ಒಂದು ಸಾಲಿನ ಹಿಂಬರಹ ಆಗಿದ್ರೆ ಮತ್ತೆ ರಿಟ್ ಹಾಕೋ ದಾರಿನೂ ಇದೆ, ಆವಾಗ ಮಾತ್ರ ಬರೀ 'ಪರಿಗಣಿಸಿ' ಅಂತ ಬರೆಸ್ಕೊಳ್ಳದೆ, ಯಾವ ದಾಖಲೆ ನೋಡಬೇಕು, ಯಾರಿಗೆ ನೋಟಿಸ್ ಕೊಡಬೇಕು, ಡಿಕ್ರಿ ಅಂತಿಮ ಆಗಿದ್ರೆ ಅದರ ಪ್ರಕಾರವೇ ನಮೂದು ಮಾಡಬೇಕು, ಯಾವ ತಾರೀಕಿನೊಳಗೆ ಅನ್ನೋದನ್ನ ಆದೇಶದಲ್ಲೇ ಬರೋ ಹಾಗೆ ವಾದ ಮಾಡೋಕೆ ವಕೀಲರಿಗೆ ಹೇಳಬೇಕು.